ಲೆಕ್ಕಕ್ಕೆ ಬಾರದ ಸುಣ್ಣ

ಗಂಗಾಬಾಯಿಯ ಬಲಗಾಲಿನ ಎರಡನೆಯ ಬೆರಳು ಉಳಿಯುತ್ತದೋ ಹೋಗುತ್ತದೋ ಎಂಬುದು ಇನ್ನು ಹದಿನೈದು ದಿನಗಳಲ್ಲಿ ತೀರ್ಮಾನವಾಗಬೇಕಿತ್ತು. ಕಲಬುರಗಿಯ ಆ ಸರ್ಜನ್ ಮಾತು ಕಡಿಮೆಯ ಮನುಷ್ಯ. ಬ್ಯಾಂಡೇಜು ಬಿಚ್ಚಿ, ಗಾಯದ ಪಕ್ಕಕ್ಕೆ ಹೆಬ್ಬೆರಳಿಟ್ಟು ಒತ್ತಿ, ಹಸಿರು ಛಾಯೆಯ ಕೀವು ಹನಿಯಾಗಿ ಮೇಲೆ ಬಂದದ್ದನ್ನು ನೋಡಿ, ಫೈಲಿನಲ್ಲಿದ್ದ ಪರೀಕ್ಷೆಯ ವರದಿಯನ್ನು ಇನ್ನೊಮ್ಮೆ ಓದಿದರು. ಗಾಯದಲ್ಲಿ ಸೇರಿಕೊಂಡ ಕ್ರಿಮಿ ಈ ಗುಳಿಗೆಗೆ ಸಾಯುತ್ತದೆ ಎಂದು ವರದಿ ಸ್ಪಷ್ಟವಾಗಿ ಹೇಳುತ್ತಿತ್ತು. ಗಾಯ ಕೊಯ್ದು ತೊಳೆದು, ಹದಿನೈದು ದಿನ ಅದೇ ಗುಳಿಗೆ ನುಂಗಿಸಿದ ಮೇಲೂ ಅದು ಸತ್ತಿರಲಿಲ್ಲ. ಇನ್ನೂ ಹದಿನೈದು ದಿನ ನೋಡೋಣ ಎಂದರು ಡಾಕ್ಟರು. ನಡುವೆ ಜ್ವರ ಬಂದರೆ ಅಂದೇ ಕರೆತರಬೇಕು. ಅಷ್ಟರಲ್ಲಿ ಕೀವು ನಿಲ್ಲದಿದ್ದರೆ ಬೆರಳನ್ನು ಎಲುಬಿನ ಸಮೇತ ತೆಗೆಯುವುದೊಂದೇ ದಾರಿ, ಇಲ್ಲವಾದರೆ ಸೋಂಕು ಪಾದಕ್ಕೆ ಏರುತ್ತದೆ.

ಗಂಗಾಬಾಯಿ ಸೆರಗು ಸರಿಮಾಡಿಕೊಂಡು ಕೇಳಿದಳು:

"ಹತ್ತು ಬಟ್ಟು ತಗೊಂಡು ಬಂದಾಕಿ ನಾ. ಒಂಬತ್ತು ತಗೊಂಡು ಹೋಗು ಅಂದ್ರ ಮ್ಯಾಲಿನವನಿಗೆ ಯಾರು ಜವಾಬು ಹೇಳಬೇಕು, ನೀವು ಬರ್ತೀರೇನ್ರಿ?"

ಡಾಕ್ಟರು ನಗಲಿಲ್ಲ. ಆಕೆಯೂ ನಗಲಿಲ್ಲ.

ಆ ಗಾಯ ಆದದ್ದು ಭೂಸನೂರಿನ ಹೊಲದಲ್ಲಿ. ಕಬ್ಬು ಕಟಾವು ಮುಗಿದು ಗಾಡಿಗಳು ಕಾರ್ಖಾನೆಯ ಕಡೆ ಹೋದ ಮರುದಿನ ಗಂಗಾಬಾಯಿ ಎಂದಿನಂತೆ ಹೊಲ ಸುತ್ತಲು ಹೋಗಿದ್ದಳು. ಓರೆಯಾಗಿ ಕತ್ತರಿಸಿದ ಕಬ್ಬಿನ ಕೂಳೆ ಭರ್ಜಿಯಂತೆ ನಿಂತಿರುತ್ತದೆ. ರಬ್ಬರ್ ಚಪ್ಪಲಿಯನ್ನು ಸೀಳಿಕೊಂಡು ಬೆರಳಿನ ಬುಡಕ್ಕೆ ನಾಟಿತು. ಆಕೆ ಅದನ್ನು ಕಿತ್ತೆಸೆದು, ಅರಿಷಿಣ ಮೆತ್ತಿಕೊಂಡು, ಒಂದು ವಾರ ಯಾರಿಗೂ ಹೇಳದೆ ತಿರುಗಾಡಿದಳು. ಕುಂಟುವುದನ್ನು ಮೊದಲು ಕಂಡವಳು ಸೊಸೆ ಜಯಮಾಲಾ.

ಜಯಮಾಲಾಳ ಕಣ್ಣಿಗೆ ಕಾಣದೆ ಆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆಳಂದದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ ಹುಡುಗಿ, ಬಾಗಿಲ ಚಿಲಕವನ್ನು ಎರಡು ಸಲ ಮುಟ್ಟಿ ನೋಡುವ ಸ್ವಭಾವ. ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದದ್ದೂ ಉಂಟು. ಅತ್ತೆಯ ಗುಳಿಗೆಯ ಜವಾಬ್ದಾರಿ ತಾನಾಗಿಯೇ ಆಕೆಯ ಪಾಲಿಗೆ ಬಂದಿತ್ತು. ಹದಿನೈದು ದಿನಗಳಲ್ಲಿ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಹಾಗಿರುವಾಗ ಗುಳಿಗೆ ಯಾಕೆ ಕೆಲಸ ಮಾಡಲಿಲ್ಲ ಎಂಬುದು ಆಕೆಗೆ ತಿಳಿಯದಾಯಿತು.

ಆಕೆಯ ಗಂಡ ಸಿದ್ದಲಿಂಗನಿಗೆ ಉತ್ತರ ಆಗಲೇ ಸಿಕ್ಕಿತ್ತು. ಮಾಲು ಡುಪ್ಲಿಕೇಟ್. ಊರಿಗೆ ಮರಳುವ ಹಾದಿಯುದ್ದಕ್ಕೂ ಅದನ್ನೇ ಹೇಳಿದ. ಆಳಂದ ಬರುತ್ತಲೇ ಗುಳಿಗೆ ಕೊಂಡಿದ್ದ, ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಅರ್ಧ ಮುಗಿದ ಗುಳಿಗೆಪಟ್ಟಿಯನ್ನು ಗಾಜಿನ ಮೇಲೆ ಬಡಿದಿಟ್ಟು, ಇದು ಅಸಲಿಯೋ ನಕಲಿಯೋ ಎಂದು ಕೇಳಿದ. ಅಂಗಡಿಯ ಮಾಲೀಕ ಗೌಸಮೊಹಿದ್ದೀನನ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷದಲ್ಲಿ ಯಾರೂ ಆತನಿಗೆ ಈ ಮಾತು ಅಂದಿರಲಿಲ್ಲ. ಆದರೆ ಆತ ಬಾಯಿ ತೆರೆಯುವ ಮೊದಲೇ ಮಗಳು ಜಸ್ಮೀನ ಒಳಗಿನಿಂದ ಬಂದಳು. ಬಿ.ಫಾರ್ಮಾ ಮುಗಿಸಿ ಎರಡು ವರ್ಷದಿಂದ ಅಂಗಡಿಯಲ್ಲಿ ಆಕೆಯೇ ನಿಲ್ಲುತ್ತಿದ್ದಳು. ಪಟ್ಟಿಯ ಮೇಲಿನ ಬ್ಯಾಚ್ ನಂಬರನ್ನು ಓದಿ, ಕಂಪನಿಯ ಬಿಲ್ಲು ತೆಗೆದು ಅದೇ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಇಷ್ಟಾದ್ರೂ ಸಂಶಯ ಇದ್ರ ಡ್ರಗ್ ಇನ್‌ಸ್ಪೆಕ್ಟರ್ ಕಡಿ ಕಳಸ್ರಿ ಅಣ್ಣಾರ, ಅರ್ಜಿ ನಾನೇ ಬರದು ಕೊಡ್ತೇನಿ. ಅದಕ್ಕ ಮೊದಲು ಒಂದು ಹೇಳ್ರಿ. ಅಮ್ಮಾರು ಗುಳಿಗಿ ಹ್ಯಾಂಗ ನುಂಗ್ತಾರ?"

"ಹ್ಯಾಂಗ ಅಂದ್ರ? ಬಾಯಿಲೇ ನುಂಗ್ತಾರ."

"ಯಾತರ ಜೊತಿ ಅಂತ ಕೇಳಾಕತ್ತೇನಿ."

ಜಯಮಾಲಾ ಹಾಲಿನ ಜೊತೆ ಎಂದಳು. ಇಷ್ಟು ದೊಡ್ಡ ಗುಳಿಗೆ ಉಷ್ಣ ಆಗುತ್ತದೆ, ಹೊಟ್ಟೆ ಸುಡಬಾರದು ಎಂದು ದಿನಕ್ಕೆ ಎರಡು ಸಲ, ಪ್ರತಿ ಸಲ ಒಂದು ದೊಡ್ಡ ಗ್ಲಾಸು ಹಾಲು. ಎಮ್ಮೆಯ ಹಾಲು, ಕೆನೆಯ ಸಮೇತ.

ಜಸ್ಮೀನ ಪಟ್ಟಿಯನ್ನು ಕೆಳಗಿಟ್ಟಳು. ಬೈಯಲಿಲ್ಲ, ಹಾಲು ಕೆಟ್ಟದ್ದು ಎಂದೂ ಹೇಳಲಿಲ್ಲ. ಗುಳಿಗೆಗಳಲ್ಲಿ ಒಂದೊಂದರ ಗುಣ ಒಂದೊಂದು ಎಂದು ವಿವರಿಸಿದಳು. ಕೆಲವನ್ನು ಊಟದ ಮೇಲೆಯೇ ನುಂಗಬೇಕು, ಕೆಲವನ್ನು ಖಾಲಿ ಹೊಟ್ಟೆಯಲ್ಲಿ. ಬಹಳಷ್ಟಕ್ಕೆ ಹಾಲಿನಿಂದ ಬಾಧೆಯೇ ಇಲ್ಲ. ಈ ಜಾತಿಯದಕ್ಕೆ ಮಾತ್ರ ಹಾಲಿನಲ್ಲಿರುವ ಕ್ಯಾಲ್ಸಿಯಂ ವೈರಿ. ಹೊಟ್ಟೆಯಲ್ಲಿ ಅದು ಔಷಧವನ್ನು ತಬ್ಬಿ ಹಿಡಿಯುತ್ತದೆ. ಹಿಡಿದ ಮೇಲೆ ಔಷಧ ರಕ್ತಕ್ಕೆ ಸೇರದೆ ಹಾಗೆಯೇ ಹೊರಗೆ ಹೋಗುತ್ತದೆ. ಎದುರಿನ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿ, ಕಲಬುರಗಿಗೆ ಹೋಗಬೇಕಾದವರನ್ನು ಬೀಗರು ಕೈ ಹಿಡಿದು ಅಲ್ಲೇ ಮಾತಿಗೆ ಕೂರಿಸಿದರೆ ಬಸ್ಸಿನಲ್ಲಿ ಎಷ್ಟು ಮಂದಿ ಹೋದಾರು ಎಂದು ಕೇಳಿದಳು. ಹಾಲು, ಮೊಸರು, ಮಜ್ಜಿಗೆ, ರಕ್ತದ ಗುಳಿಗೆ, ಎಲುಬಿನ ಗುಳಿಗೆ, ಎದೆಯುರಿಯ ಔಷಧ, ಇವುಗಳಿಗಿಂತ ಎರಡು ತಾಸು ಮೊದಲು ನುಂಗಬೇಕು, ಇಲ್ಲವೇ ಆರು ತಾಸು ಬಿಟ್ಟು ನುಂಗಬೇಕು. ರೊಟ್ಟಿ ಪಲ್ಯಕ್ಕೆ ಅಡ್ಡಿ ಇಲ್ಲ. ಕುಡಿಯಲು ನೀರು.

ವಾಪಸು ಬರುವಾಗ ಜಯಮಾಲಾ ಎಣಿಸಿದಳು. ಮೂವತ್ತು ಗ್ಲಾಸು ಹಾಲು. ಒಂದೊಂದನ್ನೂ ತಾನೇ ಆರಿಸಿ, ತಾನೇ ಕೈಗೆ ಕೊಟ್ಟು, ಪೂರ್ತಿ ಕುಡಿಯುವ ತನಕ ಎದುರಿಗೆ ನಿಂತದ್ದು. ಅಳು ಬಂತು, ಆದರೆ ಅದರ ಹಿಂದೆಯೇ ಒಂದು ಸಮಾಧಾನವೂ ಬಂತು. ತಪ್ಪು ಗೊತ್ತಾದರೆ ಅರ್ಧ ದಾರಿ ಸವೆದಂತೆ.

ಅಂದಿನಿಂದ ಹೊತ್ತು ಬದಲಾಯಿತು. ಗಂಗಾಬಾಯಿ ಲಿಂಗಪೂಜೆ ಮುಗಿಯದೆ ಬಾಯಿಗೆ ಹನಿ ನೀರೂ ಹಾಕುವವಳಲ್ಲ. ಆದ್ದರಿಂದ ಪೂಜೆಯನ್ನೇ ಬೇಗ ಮುಗಿಸಿ, ಬೆಳಿಗ್ಗೆ ಆರಕ್ಕೆ ಒಂದು ಗುಳಿಗೆ, ಸಂಜೆ ಆರಕ್ಕೆ ಒಂದು, ಎರಡೂ ತಂಬಿಗೆಯ ನೀರಿನ ಜೊತೆ. ಜಯಮಾಲಾ ಒಂದು ನೋಟ್‌ಬುಕ್ಕಿನಲ್ಲಿ ಅತ್ತೆಯ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ಸಮೇತ ಬರೆಯತೊಡಗಿದಳು. ಗಂಗಾಬಾಯಿಗೆ ಇದರಿಂದ ರೇಗಿತು. ಪೊಲೀಸ್ ಠಾಣೆಯಲ್ಲೂ ಇಷ್ಟು ಬರೆಯುವುದಿಲ್ಲ ಎಂದಳು. ಹಾಲಿಲ್ಲದೆ ಗುಳಿಗೆಯ ಕಹಿ ನಾಲಗೆಗೆ ಹತ್ತಿಕೊಂಡು ಹೋಗುವುದೇ ಇಲ್ಲ ಎಂದು ಗೊಣಗಿದಳು. ಆದರೂ ನುಂಗಿದಳು.

ಐದು ದಿನ ಕಳೆದವು. ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ಬರುತ್ತಿದ್ದ ನರ್ಸ್ ಸುನಿತಾ ಐದನೆಯ ದಿನ ತೆಗೆದ ಬಟ್ಟೆಯನ್ನು ಜಯಮಾಲಾಳಿಗೆ ತೋರಿಸಿದಳು. ಅದೇ ಹಸಿರು. ಎಳ್ಳಷ್ಟೂ ಕಡಿಮೆಯಿಲ್ಲ.

ಸಿದ್ದಲಿಂಗನ ಸಹನೆ ಮುಗಿಯಿತು. ಅಂಗಡಿಯ ಹುಡುಗಿ ಹಾಲಿನ ಕಥೆ ಹೇಳಿ ತಮ್ಮನ್ನು ಬೆಪ್ಪು ಮಾಡಿದಳು, ಸೊಲ್ಲಾಪುರದಲ್ಲಿ ಪರಿಚಯದ ಡಾಕ್ಟರಿದ್ದಾರೆ, ಬೆರಳು ಹೋದರೂ ಚಿಂತೆಯಿಲ್ಲ ಕಾಲು ಉಳಿಯಲಿ, ಸೋಮವಾರ ಹೊರಡೋಣ ಎಂದ. ಗಂಗಾಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾತಿನ ಮಲ್ಲಿ ಅನ್ನಿಸಿಕೊಂಡವಳು ಸುಮ್ಮನಾದದ್ದೇ ಜಯಮಾಲಾಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ನೋಟ್‌ಬುಕ್ಕನ್ನು ಮೊದಲಿನಿಂದ ಓದಿದಳು. ಹಾಲಿಲ್ಲ, ಮೊಸರಿಲ್ಲ, ಮಜ್ಜಿಗೆ ಬೆಳಿಗ್ಗೆ ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಮಾತ್ರ. ಅತ್ತೆಯ ಬಳಿ ಕೂತು, ಗುಳಿಗೆಯ ಹಿಂದೆಮುಂದೆ ಬೇರೆ ಏನಾದರೂ ತಿನ್ನುತ್ತಾರೋ ಎಂದು ಮೆಲ್ಲಗೆ ಕೇಳಿದಳು.

"ಏನೂ ಇಲ್ಲ ಬೇ. ಲಿಂಗದ ಆಣಿ. ನಿನ್ನ ಕಣ್ಣು ತಪ್ಪಿಸಿ ತಿನ್ನಾಕ ಈ ಮನ್ಯಾಗ ಇಲಿಗೂ ಆಗಂಗಿಲ್ಲ."

ಸುಳ್ಳು ಹೇಳುವ ಹೆಂಗಸಲ್ಲ ಆಕೆ. ಲಿಂಗದ ಮೇಲೆ ಆಣೆಯಿಟ್ಟಂತೂ ಅಲ್ಲವೇ ಅಲ್ಲ.

ಮರುದಿನ ಮಧ್ಯಾಹ್ನ ಗಂಗಾಬಾಯಿ ಸುಣ್ಣದ ಡಬ್ಬಿ ಖಾಲಿಯಾಗಿದೆ, ತುಂಬಿ ಕೊಡು ಎಂದಳು. ಜಯಮಾಲಾ ಡಬ್ಬಿಯನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಆ ಮನೆಯಲ್ಲಿ ಅಂಗಡಿಯ ಸುಣ್ಣ ನಡೆಯುವುದಿಲ್ಲ. ಸುಣ್ಣದ ಕಲ್ಲು ತಂದು, ಮಡಕೆಯಲ್ಲಿ ನೀರು ಹೊಯ್ದು ಅರಳಿಸಿ, ಬಟ್ಟೆಯಲ್ಲಿ ಸೋಸಿ ಬೆಣ್ಣೆಯಂತೆ ಮಾಡಬೇಕು. ಕಲ್ಲಿನ ಮೇಲೆ ನೀರು ಬೀಳುತ್ತಲೇ ಅದು ಬುಸುಗುಟ್ಟಿ ಬಿರಿದು ಹಬೆ ಬಿಟ್ಟಿತು. ಹಬೆಗೆ ಮುಖ ತಿರುಗಿಸಿ ನಿಂತ ಜಯಮಾಲಾಳಿಗೆ ಹೋದ ಭಾನುವಾರವೇ ಈ ಡಬ್ಬಿ ತುಂಬಿದ್ದು ನೆನಪಾಯಿತು. ಮೊದಲು ಒಂದು ಡಬ್ಬಿ ಹದಿನೈದು ದಿನ ಬರುತ್ತಿತ್ತು. ಈಗ ಆರೇ ದಿನಕ್ಕೆ ಖಾಲಿ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿಗೆ ಗಾಜಿನ ನಳಿಕೆಯಿಂದ ಊದಿ, ಅದು ಬೆಳ್ಳಗಾಗುವುದನ್ನು ನೋಡಿ ಎಲ್ಲರೂ ನಕ್ಕದ್ದು ಕಣ್ಣ ಮುಂದೆ ಬಂತು. ಬೆಳ್ಳಗಾದದ್ದು ಏನು ಎಂದು ಮಾಸ್ತರರು ಕೇಳಿದ್ದರು. ಉತ್ತರ ಹೇಳಿದ್ದು ತಾನೇ. ಸುಣ್ಣವೆಂದರೆ ಕ್ಯಾಲ್ಸಿಯಂ. ಹಾಲಿನಲ್ಲಿ ಅದು ಕರಗಿರುತ್ತದೆ. ಇಲ್ಲಿ ಮುದ್ದೆಯಾಗಿಯೇ ಇದೆ.

ಅವಳು ಮಡಕೆಯನ್ನು ಹಾಗೇ ಬಿಟ್ಟಳು. ಸಂಜೆ ಆರಕ್ಕೆ ಗುಳಿಗೆ ಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಜೀವನದಲ್ಲಿ ಮೊದಲ ಸಲ ನೋಡುತ್ತಿರುವಂತೆ ನೋಡಿದಳು. ಮಾವ ದೌಲತರಾಯ ಹೆಂಡತಿಯ ಹೊರಸಿನ ಪಕ್ಕ ಕೂತಿದ್ದ. ಮೊಣಕಾಲಿನ ಮೇಲೆ ಎಲೆ ಇಟ್ಟು ಧೋತರದ ತುದಿಯಿಂದ ಒರೆಸಿದ, ತೊಟ್ಟು ಚಿವುಟಿದ, ಹೆಂಡತಿಯ ಡಬ್ಬಿ ಖಾಲಿಯಿದ್ದುದರಿಂದ ತನ್ನ ಚೀಲದ ಸುಣ್ಣವನ್ನು ಬೆರಳಿಂದ ಧಾರಾಳವಾಗಿ ಸವರಿದ, ಅಡಿಕೆ ಇಟ್ಟು ಮಡಿಚಿದ. ಗಂಗಾಬಾಯಿ ತಂಬಿಗೆ ಕೆಳಗಿಡುವಷ್ಟರಲ್ಲಿ ಎಲೆ ಆಕೆಯ ಕೈಯಲ್ಲಿತ್ತು. ಬಾಯಿ ಕಹಿಯಾದವಳಿಗೆ ಗಂಡ ಮಡಿಚಿ ಕೊಟ್ಟ ಎಲೆ. ನಲವತ್ತೆರಡು ವರ್ಷದಿಂದ ಊಟದ ನಂತರ ನಡೆದು ಬಂದ ರೂಢಿ. ಹಾಲು ನಿಂತ ಮೇಲೆ ಅದು ಗುಳಿಗೆಯ ನಂತರವೂ ಶುರುವಾಗಿ, ಒಂದು ಎಲೆ ಇದ್ದಲ್ಲಿ ಎರಡಾಗಿತ್ತು.

ನೋಟ್‌ಬುಕ್ಕು ಅವಳ ಕೈಯಲ್ಲೇ ಇತ್ತು. ನಿನ್ನೆಯ ಸಾಲು ಓದಿದಳು: ಸಂಜೆ ಆರು, ಗುಳಿಗೆ, ನೀರು, ಬೇರೇನೂ ಇಲ್ಲ. ನಿನ್ನೆಯೂ ಇದೇ ಬಾಗಿಲಲ್ಲಿ ನಿಂತು ಇದೇ ಎಲೆಯನ್ನು ಕಂಡಿದ್ದಳು. ಕಂಡು, ಬೇರೇನೂ ಇಲ್ಲ ಎಂದು ಬರೆದಿದ್ದಳು. ಎಲೆ ಹಾಕಿಕೊಳ್ಳುವುದನ್ನು ಈ ಸೀಮೆಯಲ್ಲಿ ಯಾರೂ ತಿನ್ನುವುದು ಎಂದು ಎಣಿಸುವುದಿಲ್ಲ. ಉಪವಾಸದ ದಿನವೂ ಅದಕ್ಕೆ ತಡೆಯಿಲ್ಲ. ಅತ್ತೆ ಇಟ್ಟ ಆಣೆ ಸುಳ್ಳಾಗಿರಲಿಲ್ಲ.

ಜಸ್ಮೀನಳಿಗೆ ಫೋನು ಮಾಡಿ ಎಲೆಯ ವಿಷಯ ಹೇಳಿದಳು.

"ಇದು ನಾ ಕೇಳಬೇಕಾಗಿತ್ತು ಅಕ್ಕಾರ," ಎಂದಳು ಜಸ್ಮೀನ. "ನಮ್ಮ ದಾದಿ, ಅಪ್ಪನ ಅವ್ವ ಕುಲಸುಮಬಿ, ಮುಂಜಾನಿಂದ ಸಂಜಿತನ ಎಲಿ ಅಡಿಕಿ ಪಾನ್‌ದಾನ ಬಿಟ್ಟು ಏಳಂಗಿಲ್ಲ. ದಿನಾ ನೋಡ್ತೇನಿ. ಆದ್ರೂ ನಿಮಗ ಹಾಲು ಕೇಳಿದೆ, ಮೊಸರು ಕೇಳಿದೆ, ಎಲಿ ಕೇಳಲಿಲ್ಲ."

ಎಲೆಯ ಸುಣ್ಣ ಈ ಗುಳಿಗೆಯನ್ನು ಇಷ್ಟೇ ಪ್ರಮಾಣದಲ್ಲಿ ತಡೆಯುತ್ತದೆ ಎಂದು ತಾನು ಎಲ್ಲೂ ಓದಿಲ್ಲ, ಆದ್ದರಿಂದ ಖಾತ್ರಿ ಕೊಡಲಾರೆ ಎಂದು ಜಸ್ಮೀನ ಬಿಡಿಸಿ ಹೇಳಿದಳು. ಆದರೆ ಸುಣ್ಣ ಸುಣ್ಣವೇ. ಅದೇ ಎರಡು ತಾಸು, ಆರು ತಾಸಿನ ನಿಯಮ ಹಿಡಿಯಿರಿ ಎಂದಳು. ಜಯಮಾಲಾ ಕೂತು ಲೆಕ್ಕ ಹಾಕಿದಳು. ಬೆಳಿಗ್ಗೆ ಎಂಟರಿಂದ ಹನ್ನೆರಡರ ತನಕ ಎಲೆ ನಡೆಯುತ್ತದೆ, ರಾತ್ರಿ ಎಂಟರ ನಂತರ ಊಟದ ಮೇಲೆ ಒಂದು ನಡೆಯುತ್ತದೆ. ಉಳಿದ ಹೊತ್ತು ಇಲ್ಲ. ಹಾವೂ ಸಾಯದು, ಕೋಲೂ ಮುರಿಯದು.

ಕಷ್ಟವಿದ್ದದ್ದು ಇದನ್ನು ಯಾರಿಗೆ ಹೇಳಬೇಕು ಎಂಬುದರಲ್ಲಿ. ಅತ್ತೆಗೆ ಹೇಳಿದರೆ ಜಗಳವಾಗುತ್ತದೆ, ಜಗಳದ ನಡುವೆಯೇ ಎಲೆ ಬಾಯಿಗೆ ಹೋಗುತ್ತದೆ. ಎಲೆ ಮಡಿಚುವ ಕೈ ಮಾವನದು. ಮಾವನ ಎದುರು ನಿಂತು ಮಾತನಾಡುವ ರೂಢಿ ಆ ಮನೆಯ ಸೊಸೆಗೆ ಇರಲಿಲ್ಲ. ಏಳು ವರ್ಷದಲ್ಲಿ ಆತನಿಗೆ ಅವಳು ಹೇಳಿದ ಮಾತುಗಳೆಲ್ಲ ಚಹಾ, ಊಟ, ಫೋನು ಬಂದಿದೆ, ಇಷ್ಟರಲ್ಲೇ ಮುಗಿಯುತ್ತಿದ್ದವು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಚಹಾದ ಕಪ್ಪು ಇಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು. ದೌಲತರಾಯ ತಲೆಯೆತ್ತಿದ. ಅವಳು ಹಾಲಿನಿಂದ ಶುರು ಮಾಡಿ ಸುಣ್ಣದ ತನಕ, ಒಂದು ಮಾತೂ ಹೆಚ್ಚಾಗದಂತೆ, ಒಂದೂ ಕಡಿಮೆಯಾಗದಂತೆ ಹೇಳಿ ಮುಗಿಸಿದಳು. ಚಹಾದ ಮೇಲೆ ಕೆನೆ ಕಟ್ಟಿತು.

"ಅಂದ್ರ ನಾ ಕೊಟ್ಟ ಎಲಿ ಆಕಿ ಬಟ್ಟು ತಿನ್ನಾಕತ್ತದ ಅಂತೀ?"

"ನಾ ಕೊಟ್ಟ ಹಾಲು ಮೊದಲು ತಿಂತು, ಮಾವಾರ. ಇಬ್ಬರೂ ಆರಾಮ ಆಗಲಿ ಅಂತಲೇ ಕೊಟ್ಟೇವಿ."

ದೌಲತರಾಯ ಎದ್ದ. ಒಳಗೆ ಹೋಗಿ, ಹೆಂಡತಿಯ ತಲೆದಿಂಬಿನ ಪಕ್ಕದಲ್ಲಿದ್ದ ಎಲೆಯ ಚೀಲವನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ತನ್ನದನ್ನೂ ಹಾಕಿಕೊಂಡ.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಪಕ್ಕದ ಓಣಿಯವರೂ ಕೇಳಿದರು. ಗಂಗಾಬಾಯಿ ಗಂಡನ ಕುಲಗೋತ್ರವನ್ನೆಲ್ಲ ಎತ್ತಿ ಆಡಿದಳು. ಸುಣ್ಣವಿಲ್ಲದೆ ಬರೀ ಎಲೆ ಅಡಿಕೆ ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದು ಜಯಮಾಲಾ ಹೇಳಿದ್ದಕ್ಕೆ, ಸುಣ್ಣವಿಲ್ಲದ ಎಲೆ ದನ ತಿನ್ನುತ್ತವೆ, ನಾನಲ್ಲ ಎಂದಳು. ಲವಂಗ ಕೊಟ್ಟರೆ ಉಗುಳಿದಳು. ಸಿದ್ದಲಿಂಗನಂತೂ ನಕ್ಕೇ ನಕ್ಕ. ಇಡೀ ತಾಲೂಕು ಎಲೆ ಹಾಕಿಕೊಳ್ಳುತ್ತದೆ, ಯಾರ ಬೆರಳು ಉದುರಿದೆ ತೋರಿಸು ಎಂದ. ಸೋಮವಾರ ಸೊಲ್ಲಾಪುರ ಎಂದು ಮತ್ತೆ ಹೇಳಿದ. ಜಯಮಾಲಾ ಅವನ ಕಣ್ಣು ನೋಡಿಯೇ ಉತ್ತರ ಕೊಟ್ಟಳು.

"ತಾಲೂಕಿನವರೆಲ್ಲಾ ಈ ಗುಳಿಗಿ ನುಂಗಾಕತ್ತಿಲ್ಲ. ಡಾಕ್ಟರು ಕೊಟ್ಟ ದಿನಾ ಇನ್ನೂ ಎಂಟು ಅವ. ಅವು ನನ್ನವು. ಜ್ವರ ಬಂದ್ರ ಆ ತಾಸಿಗೇ ಹೊರಡೂಣು, ಬರಲಿಲ್ಲಂದ್ರ ಎಂಟು ದಿನಾ ಯಾರೂ ಸೊಲ್ಲಾಪುರದ ಹೆಸರು ತಗೀಬ್ಯಾಡ್ರಿ."

ಸಿದ್ದಲಿಂಗ ತಂದೆಯ ಕಡೆ ನೋಡಿದ; ದೌಲತರಾಯ ಕಿಸೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಸಿದ್ದಲಿಂಗ ಜೀಪಿನ ಕೀಲಿಯನ್ನು ಮತ್ತೆ ಗೋಡೆಯ ಮೊಳೆಗೆ ಸಿಕ್ಕಿಸಿದ.

ಎರಡನೆಯ ದಿನ ಸಂಜೆ ಮಟಕಿ ಊರಿನಿಂದ ಗಂಗಾಬಾಯಿಯ ದೊಡ್ಡಪ್ಪನ ಮಗಳು ನೋಡಲು ಬಂದಳು. ಬಂದವಳೇ ಪದ್ಧತಿಯಂತೆ ಸೊಂಟದ ಚೀಲ ಬಿಚ್ಚಿ, ಎಲೆ ಮಡಿಚಿ ಅಕ್ಕನ ಕೈಗೆ ಚಾಚಿದಳು. ಗುಳಿಗೆ ನುಂಗಿ ಇನ್ನೂ ಕಾಲು ತಾಸಷ್ಟೇ ಆಗಿತ್ತು. ಬಂಧುಗಳು ಕೊಟ್ಟ ಎಲೆಯನ್ನು ಬೇಡ ಎನ್ನುವುದು ಮುಖಕ್ಕೆ ಹೊಡೆದಂತೆ. ಅಡುಗೆಮನೆಯಿಂದ ಓಡಿ ಬಂದ ಜಯಮಾಲಾ ಬಾಗಿಲಲ್ಲೇ ನಿಂತಳು. ಗಂಗಾಬಾಯಿ ಎಲೆಯನ್ನು ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಆಮೇಲೆ ಅದನ್ನು ತಟ್ಟೆಯಲ್ಲಿಟ್ಟಳು.

"ಇಡವ್ವ, ಉಂಡ ಮ್ಯಾಲ ಹಾಕ್ಕೋತೇನಿ. ಈಗ ನನ್ನ ಬಾಯಿಗೆ ಕೀಲಿ ಹಾಕ್ಯಾರ. ಕೀಲಿ ಈ ಮುದುಕನ ಕಿಸೆದಾಗ ಅದ, ಪಹರೇಕ ಆಕಿ ನಿಂತಾಳ ನೋಡು."

ಬಂದವಳು ನಕ್ಕಳು. ದೌಲತರಾಯನೂ ನಕ್ಕ. ಹೆಂಡತಿಗೆ ಎಲೆ ಇಲ್ಲದ ಹೊತ್ತುಗಳಲ್ಲಿ ಆತನೂ ಎಲೆ ಬಿಟ್ಟಿದ್ದಾನೆ, ಆಕೆಯ ಎದುರು ಮಾತ್ರವಲ್ಲ, ಹೊಲದಲ್ಲೂ ಎಂಬುದು ಜಯಮಾಲಾಳಿಗೆ ಆಳುಗಳಿಂದ ಗೊತ್ತಾಯಿತು.

ನಾಲ್ಕನೆಯ ದಿನ ಸುನಿತಾ ಪಟ್ಟಿ ಬಿಚ್ಚಿದಾಗ ಬಟ್ಟೆಯ ಹಸಿರು ಹೋಗಿ ತಿಳಿಹಳದಿ ಉಳಿದಿತ್ತು. ಜಯಮಾಲಾ ಅದನ್ನು ಬೆಳಕಿಗೆ ಒಯ್ದು ನೋಡಿದಳು. ಆರನೆಯ ದಿನ ಬರೀ ಒದ್ದೆ. ಬೆರಳಿನ ಊತ ಇಳಿದು ಚರ್ಮದಲ್ಲಿ ನೆರಿಗೆ ಕಂಡವು. ಎಂಟನೆಯ ದಿನ ಬಟ್ಟೆ ಒಣಗಿತ್ತು. ಸುನಿತಾ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಗಂಗಾಬಾಯಿಯ ಪಾದವನ್ನು ಒಮ್ಮೆ ತಟ್ಟಿದಳು.

ಮರುದಿನ ಎಲ್ಲರೂ ಕಲಬುರಗಿಗೆ ಹೋದರು. ಸರ್ಜನ್ ಬ್ಯಾಂಡೇಜು ಬಿಚ್ಚಿ ಹೆಬ್ಬೆರಳಿಟ್ಟು ಒತ್ತಿದರು. ಏನೂ ಬರಲಿಲ್ಲ. ಇನ್ನಷ್ಟು ಜೋರಾಗಿ ಒತ್ತಿದರು. ಗಂಗಾಬಾಯಿ ಹಲ್ಲು ಕಚ್ಚಿಕೊಂಡು ಸೂರು ನೋಡುತ್ತಿದ್ದಳು. ಬರಲಿಲ್ಲ. ರಕ್ತದ ವರದಿ ತರಿಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಸೋಂಕು ತೋರಿಸುವ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಬೆರಳು ತೆಗೆಯುವ ಅಗತ್ಯವಿಲ್ಲ, ಇನ್ನೂ ನಾಲ್ಕು ವಾರ ಇದೇ ಗುಳಿಗೆ ಎಂದು ಬರೆದರು. ಬರೆಯುತ್ತಲೇ, ಈ ಸಲ ಏನು ಬದಲಾಯಿಸಿದಿರಿ ಎಂದು ಕೇಳಿದರು.

ಸಿದ್ದಲಿಂಗ, ಆಕೆಯನ್ನು ಕೇಳಿ ಎಂದು ಹೆಂಡತಿಯ ಕಡೆ ತೋರಿಸಿದ. ಜಯಮಾಲಾ ಹಾಲಿನ ವಿಷಯ ಹೇಳಿದಳು, ಎಲೆಯ ವಿಷಯ ಹೇಳಿದಳು, ನೋಟ್‌ಬುಕ್ಕು ತೋರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಗಂಗಾಬಾಯಿಗೆ ದಿನಕ್ಕೆ ಎಷ್ಟು ಎಲೆ ಎಂದು ಕೇಳಿದರು. ಮೂರೋ ನಾಲ್ಕೋ ಎಂದಳು ಆಕೆ.

"ಹನ್ನೆರಡು," ಎಂದ ಬಾಗಿಲಲ್ಲಿ ನಿಂತಿದ್ದ ದೌಲತರಾಯ. "ಮಡಚಾಂವ ನಾನೇ ಅಲ್ರಿ."

ಡಾಕ್ಟರು ಆಗ ನಕ್ಕರು. ಎಲೆಯಿಂದಲೇ ಹೀಗಾಯಿತು ಎಂದು ತಾನು ಬರೆದು ಕೊಡಲಾರೆ, ಗಾಯಕ್ಕೆ ತನ್ನದೇ ಕಾಲವೂ ಬೇಕಾಗಿರಬಹುದು ಎಂದರು. ಆದರೆ ಈಗ ನಡೆಸುತ್ತಿರುವ ಹೊತ್ತನ್ನು ಒಂದು ನಿಮಿಷವೂ ಬದಲಿಸಬೇಡಿ ಎಂದು ಎರಡು ಸಲ ಹೇಳಿದರು. ಹಾಲನ್ನೂ ಎಲೆಯನ್ನೂ ಇನ್ನು ಮುಂದೆ ತಾನೂ ಕೇಳುತ್ತೇನೆ ಎಂದರು.

ಗಂಗಾಬಾಯಿ ಮಂಚದಿಂದ ಕಾಲು ಇಳಿಸಿದಳು. ಇಷ್ಟು ದಿನ ಹಿಮ್ಮಡಿಯ ಮೇಲೆ ನಿಲ್ಲುತ್ತಿದ್ದವಳು ಬಲಪಾದವನ್ನು ಪೂರ್ತಿ ನೆಲಕ್ಕೆ ಊರಿ, ಬೆರಳುಗಳನ್ನು ಒಮ್ಮೆ ಅಗಲಿಸಿ ನೋಡಿದಳು. ಜಯಮಾಲಾ ಕೈ ಚಾಚಿದಳು. ಅತ್ತೆ ಅದನ್ನು ಹಿಡಿಯಲಿಲ್ಲ. ಆದರೆ ಬಾಗಿಲ ತನಕ ಆ ಕೈಯ ಪಕ್ಕವನ್ನು ಬಿಟ್ಟು ಆಚೀಚೆಯೂ ಆಗಲಿಲ್ಲ.